ಅಂಚು ಮೇಲೇಳುವ ಮುಂಚೆ

"ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮೇ, ದರಿದ್ರದವಳೇ! ಇದು ಜನ ತಿನ್ನೋ ಪದಾರ್ಥ."

ಯಜಮಾನ ಬೈದದ್ದು ತಂಗಿಯನ್ನು. ಅಕ್ಕ ತಲೆ ಎತ್ತಲಿಲ್ಲ. ಬೇಯಿಸಿ ಬಸಿದ ಹುಲ್ಲನ್ನು ಹಿಂಡಿ, ಪ್ಲಾಸ್ಟಿಕ್ ಚೀಲಕ್ಕೆ ಒಂದು ಪದರ ತುಂಬಿ, ಸುತ್ತ ಅಣಬೆ ಬೀಜ ಉದುರಿಸಿ, ಮೇಲೆ ಇನ್ನೊಂದು ಪದರ ಒತ್ತಿದಳು. ಬೈಗುಳ ಬಿದ್ದಾಗ ಕೈ ನಿಂತರೆ ಇನ್ನೊಂದು ಬೈಗುಳ ಬೀಳುತ್ತದೆ. ಆರು ವರ್ಷದಲ್ಲಿ ಅಷ್ಟು ಕಲಿತಿದ್ದಳು.

ತಂಗಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಕೊಯ್ಲಿನ ಕೋಣೆ ಅವಳ ಪಾಲಿನದು. ಅಲ್ಲಿ ಸಾಲಾಗಿ ತೂಗುಬಿಟ್ಟ ಚೀಲಗಳ ಮೈತುಂಬ ಬಿಳಿ ಅಣಬೆ. ಅಣಬೆ ಕೊಡೆಯ ಅಂಚು ಒಳಕ್ಕೆ ಬಾಗಿರುವಾಗಲೇ ಕಿತ್ತರೆ ತೊಂದರೆಯಿಲ್ಲ. ಒಂದು ದಿನ ತಡೆದರೆ ಅಣಬೆ ಅಗಲವಾಗಿ, ಅಂಚು ಮೇಲೆದ್ದು, ಅಡಿಯಿಂದ ಹಿಟ್ಟಿನಂಥ ಧೂಳು ಹೊಗೆಯ ಹಾಗೆ ಇಳಿಯುತ್ತದೆ. ತೂಕ ಹೆಚ್ಚು ಬರಲಿ ಎಂದು ಯಜಮಾನ ಪ್ರತಿ ಸಲವೂ ಒಂದು ದಿನ ತಡ ಮಾಡಿಸುತ್ತಿದ್ದ. ಆ ಹೊಗೆ ತಂಗಿಯ ಎದೆ ಸೇರಿತ್ತು. ಸಂಜೆಯಾದರೆ ಜ್ವರ; ಹತ್ತು ಮೆಟ್ಟಿಲು ಹತ್ತಲು ಎರಡು ಕಡೆ ಕೂರಬೇಕು.

"ಯಜಮಾನ್ರೇ, ಇವತ್ತೇ ಕಿತ್ಬಿಡ್ತೀವಿ. ನಾಳೆ ಮಧ್ಯಾಹ್ನಕ್ಕೆಲ್ಲ ಅಂಚು ಎದ್ಬಿಡುತ್ತೆ," ಎಂದಳು ಅಕ್ಕ.

"ಮುಟ್ಟಿದ್ರೆ ಕೈ ಮುರೀತೀನಿ. ನಾಳೆ ಡಾಕ್ಟ್ರು ಬರ್ತಾರೆ, ಕ್ಯಾಮೆರಾದೋರು ಬರ್ತಾರೆ. ಅಣಬೆ ಆರೋಗ್ಯಕ್ಕೆ ಎಷ್ಟು ಒಳ್ಳೇದು ಅಂತ ಮಾತಾಡ್ತಾರೆ. ಅವರಿಗೆ ನಿನ್ನ ಮೂತಿ ತೋರಿಸ್ಲಾ? ಅಂಗೈಯಗಲ ಆಗ್ಲಿ."

"ಇವಳಿಗೆ ಉಸಿರೇ ಸಿಕ್ತಿಲ್ಲ..."

"ಅವರು ಹೋಗೋ ತನಕ ಇವಳನ್ನ ಹುಲ್ಲಿನ ರಾಶಿ ಹಿಂದೆ ಕೂರಿಸು. ಆಮೇಲೆ ಇವಳೇ ಕೀಳ್ಲಿ, ಪೂರ್ತಿ."

ಅವನು ಆಚೆ ಹೋದ ಮೇಲೆ, ಹುಲ್ಲು ಬೇಯಿಸುವ ಡ್ರಮ್ಮಿನ ಮುಂದೆಯೇ ಮುದುಕಿಯಾದ ಡ್ರಮ್ಮಜ್ಜಿ ಕೇಳಿದಳು, "ಡಾಕ್ಟ್ರು ಬರ್ತಾರಂತೆ! ಅಣಬೆಗೆ ಏನ್ ಕಾಯಿಲೆಯಂತೆ, ಪಾಪ?"

ತಂಗಿ ನಗಲು ಹೋದಳು. ನಗು ಕೆಮ್ಮಾಯಿತು. ಗೋಡೆ ಹಿಡಿದು ಕುಸಿದವಳ ತುಟಿ ನೀಲಿಗಟ್ಟಿದ್ದನ್ನು ಅಕ್ಕ ನೋಡಿದಳು.

ಮರುದಿನ ಬೆಳಗಾಗುತ್ತಿದ್ದಂತೆ ಅಕ್ಕ ಒಬ್ಬಳೇ ಕೊಯ್ಲಿನ ಕೋಣೆಗೆ ಹೋದಳು. ಅಂಚುಗಳು ಇನ್ನೂ ಬಾಗಿಯೇ ಇದ್ದವು. ಮೊದಲ ಗೊಂಚಲನ್ನು ತಿರುಚಿ ಕೀಳುವಾಗ ಬಾಗಿಲ ಕಡೆ ನೋಡಿದಳು. ಹತ್ತನೆಯದಕ್ಕೆ ನೋಡಲಿಲ್ಲ. ಅರ್ಧ ಕೋಣೆ ಮುಗಿದಾಗ ಡ್ರಮ್ಮಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡಳು. "ನಿನಗೆ ತಲೆ ಕೆಟ್ಟಿದೆ ಕಣೇ," ಎನ್ನುತ್ತಲೇ ಆಚೆ ಸಾಲಿಗೆ ಕೈ ಹಾಕಿದಳು.

ಅತಿಥಿಗಳನ್ನು ಕರೆದುಕೊಂಡು ಬಂದ ಯಜಮಾನ ಬಾಗಿಲು ತೆರೆದರೆ, ಒಳಗೆ ಬೋಳು ಚೀಲಗಳು.

"ಯಾವ ಬೋಸುಡಿ ಕಿತ್ತಿದ್ದು?" ಹಲ್ಲು ಕಚ್ಚಿ ಕೇಳಿದ.

"ನಾನೇ," ಎಂದಳು ಅಕ್ಕ.

"ಅಕ್ಕ ತಂಗಿ ಇಬ್ರೂ ಈಗಿಂದೀಗ್ಲೇ ತೊಲಗಿ." ಮರುಕ್ಷಣ ಡಾಕ್ಟರ ಕಡೆ ತಿರುಗಿ ನಕ್ಕ. "ಏನೋ ಎಡವಟ್ಟಾಗಿದೆ ಸಾರ್. ಬನ್ನಿ, ಕಾಫಿ ಕುಡಿಯೋಣ."

ಅಕ್ಕ ಹೊರಟಳು. ಗೇಟಿನ ಕಡೆಗಲ್ಲ, ಹುಲ್ಲಿನ ರಾಶಿಯ ಕಡೆಗೆ. ತಂಗಿಯನ್ನು ಎಬ್ಬಿಸಿ, ಸೊಂಟಕ್ಕೆ ಕೈ ಕೊಟ್ಟು, ಅಂಗಳದ ನಡುವೆ ಕ್ಯಾಮೆರಾ ಹೊತ್ತವನನ್ನು ದಾಟಿ ಡಾಕ್ಟರ ಎದುರು ತಂದು ನಿಲ್ಲಿಸಿದಳು.

"ಇವಳ ಎದೆ ಒಂದ್ಸಲ ನೋಡಿ ಸಾರ್."

"ಏಯ್, ಎಳ್ಕೊಂಡು ಹೋಗ್ರೋ ಇವಳನ್ನ!"

ಕೆಲಸದವರಲ್ಲಿ ಯಾರೂ ಕದಲಲಿಲ್ಲ. ಡಾಕ್ಟರು ಯಜಮಾನನ ಮುಖ ನೋಡಿದರು, ಆಮೇಲೆ ತಮ್ಮ ಗಡಿಯಾರ ನೋಡಿಕೊಂಡರು. ತಂಗಿ ಕೆಮ್ಮತೊಡಗಿದಳು. ಉಸಿರು ಕೇಳಿ ನೋಡಲಿ ಎಂದು ಅಕ್ಕ ಅವಳ ಬೆನ್ನನ್ನು ಡಾಕ್ಟರ ಕಡೆಗೆ ತಿರುಗಿಸಿ, ಎರಡೂ ಭುಜ ಬಿಗಿಯಾಗಿ ಹಿಡಿದುಕೊಂಡು ನಿಂತಳು.