ಮೊದಲನೆಯ ಕತ್ತು

ಗುಬ್ಬಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿರುವ ಚಿಕ್ಕಹನುಮಯ್ಯನವರನ್ನು ಮೊದಲ ಸಲ ನೋಡಿದವರಿಗೆ ಕಣ್ಣಿಗೆ ಬೀಳುತ್ತಿದ್ದುದು ಅವರ ಗಂಟಲ ಉಬ್ಬಿನ ಕೆಳಗೆ ಉಳಿದುಬಿಟ್ಟಿದ್ದ ಒಂದು ಚಿಟಿಕೆ ಬಿಳಿಗಡ್ಡ. ಕೆನ್ನೆ ನುಣುಪು, ಮೀಸೆ ಒಪ್ಪ, ಕಿವಿಯ ಬಳಿ ಕೃತಾ ನೇರ. ಅಲ್ಲಿ ಮಾತ್ರ, ಕಳೆ ಕೀಳುವವರು ಊಟಕ್ಕೆಂದು ಎದ್ದುಹೋದ ಹೊಲದ ಮೂಲೆಯ ಹಾಗೆ, ಆ ಕುಚ್ಚು. ಊರವರ ಕತ್ತನ್ನೆಲ್ಲ ಬೆಣ್ಣೆಯಂತೆ ಮಾಡಿ ಕಳಿಸುವ ಮನುಷ್ಯ ತನ್ನ ಕತ್ತಿನ ಆ ಜಾಗಕ್ಕೆ ಕತ್ತಿ ತಾಗಿಸುತ್ತಿರಲಿಲ್ಲ. ಬೇರೆಯವರು ತಾಗಿಸುವುದಂತೂ ದೂರದ ಮಾತು. ನಾವು ಗಿರಾಕಿಗಳು ಛೇಡಿಸಿದರೆ, "ಅದು ಬಿತ್ತನೆಗೆ ಬುಟ್ಟಿರದು ಸಾ" ಎಂದು ನಕ್ಕು ಮಾತು ಮರೆಸುತ್ತಿದ್ದರು.

ನಿಜ ಹೇಳಬೇಕೆಂದರೆ, ಅವರಿಗೆ ಭಯ. ಭಯವೇ ಅವರ ಸ್ವಭಾವದ ಸ್ಥಾಯೀಭಾವ. ಓಣಿಯಲ್ಲಿ ಗೋಡೆಗೆ ಒತ್ತಿಕೊಂಡೇ ನಡೆಯುತ್ತಾರೆ. ಬಾಗಿಲು ಹಾಕಿದ ಮೇಲೂ ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಾರೆ. ಬೂದು ಬಣ್ಣದ ಉದ್ದ ಕೋಟಿನ ಎಡಜೇಬಿನಲ್ಲಿ ಪಟಿಕದ ತುಂಡೊಂದನ್ನು ಸದಾ ಇಟ್ಟುಕೊಂಡು, ರಕ್ತ ಬಂದೇಬಿಟ್ಟಿತೋ ಎಂಬಂತೆ ಆಗಾಗ ತಡವಿ ಖಾತರಿ ಮಾಡಿಕೊಳ್ಳುತ್ತಾರೆ. ಗಿರಾಕಿಯ ಕಣ್ಣೆದುರಿಗೇ ಹೊಸ ಬ್ಲೇಡನ್ನು ಅರ್ಧ ಮುರಿದು ಕತ್ತಿಗೆ ಸಿಕ್ಕಿಸಿ, ನೊರೆ ಹಚ್ಚಿ, ಗದ್ದ ಎತ್ತಿ ಹಿಡಿದ ಮೇಲೆ ಅವರ ಬಾಯಿಂದ ಒಂದೇ ಮಾತು ಹೊರಡುತ್ತಿತ್ತು: "ಉಗುಳು ನುಂಗ್ಬೇಡಿ ಸಾ." ಪೂಜೆಗೆ ಮುಂಚಿನ ಸಂಕಲ್ಪದಷ್ಟು ನಿಷ್ಠೆಯಿಂದ ಪ್ರತಿಯೊಬ್ಬರಿಗೂ ಅದನ್ನು ಹೇಳುತ್ತಿದ್ದರು.

ಈ ಅಂಜಿಕೆಗೆ ಮೂಲ ಅವರ ತಂದೆ ಹೊನ್ನಯ್ಯ ಹಾಕಿಟ್ಟ ಕಟ್ಟಳೆ. ಆ ಶಾಪಿನಲ್ಲಿ ಕೆಲಸ ಕಲಿಯುವವರು ಯಾರೇ ಆಗಲಿ, ಮೊದಲ ಸಲ ಕತ್ತಿ ಇಡಬೇಕಾದದ್ದು ಕಲಿಸಿದವರ ಕತ್ತಿನ ಮೇಲೆ. ಹುಡುಗ ಚಿಕ್ಕಹನುಮಯ್ಯ ಹಾಗೆ ತಂದೆಯ ಗಂಟಲಿಗೆ ಕತ್ತಿ ಇಟ್ಟಾಗ ಕೈ ಜಾರಿ, ಉಬ್ಬಿನ ಕೆಳಗೆ ರಕ್ತ ಚಿಮ್ಮಿತ್ತು. ಹೊನ್ನಯ್ಯ ಬೈಯಲಿಲ್ಲ, ಕಣ್ಣೂ ತೆರೆಯಲಿಲ್ಲ. "ಮುಂದಕ್ ನಡಿ" ಎಂದಷ್ಟೇ ಹೇಳಿದರಂತೆ. ಗಾಯ ಮಾಯಿತು, ಗೆರೆ ಉಳಿಯಿತು. ತಂದೆ ಬದುಕಿರುವ ತನಕ ಮಗ ಅದೇ ಕನ್ನಡಿಯಲ್ಲಿ ಆ ಗೆರೆಯನ್ನು ನೋಡಿಕೊಂಡೇ ಕೆಲಸ ಮಾಡಿದರು. ತಮ್ಮ ಗಂಟಲಲ್ಲಿ ಅದೇ ಜಾಗಕ್ಕೆ ಬಂದಾಗಲೆಲ್ಲ ಅವರ ಕತ್ತಿ ನಿಂತುಬಿಡುತ್ತಿತ್ತು.

ಇಷ್ಟು ಅಂಜುವವರ ಕೈ ಎಷ್ಟು ಸ್ಥಿರವಾಗಿತ್ತೆಂದರೆ, ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಗೆ ಬೆಳಗಿನ ಡ್ಯೂಟಿಗೆ ಹೋಗುವವರು ಕುರ್ಚಿಯಲ್ಲಿ ಕೂತು ಒಂದು ಕೋಳಿನಿದ್ದೆ ತೆಗೆದೇ ಏಳುತ್ತಿದ್ದರು. ಆ ಕೈ ಹೋದ ವರ್ಷ ನಡುಗಲು ಶುರುವಾಯಿತು. ಮೊದಲು ಟೀ ಲೋಟ ತುಳುಕಿತು. ಆಮೇಲೊಂದು ದಿನ, ನಿವೃತ್ತ ಮೇಷ್ಟರು ಪರಮಶಿವಯ್ಯನವರ ಕಿವಿಯ ಕೆಳಗೆ ಒಂದು ಹನಿ ರಕ್ತ ಕಾಣಿಸಿತು. ಮೇಷ್ಟರಿಗೆ ಅದು ಗೊತ್ತೇ ಆಗಲಿಲ್ಲ. ಆದರೆ ಚಿಕ್ಕಹನುಮಯ್ಯನವರು ಅಂದಿನಿಂದ ಕತ್ತಿಯನ್ನು ಡಬ್ಬಿಗೆ ಸೇರಿಸಿ, "ಟ್ರಿಮ್ಮರ್ ಸಾಕಲ್ವಾ ಸಾ, ಈಗೆಲ್ಲ ಅದೇ ಫ್ಯಾಷನ್ನು" ಎನ್ನತೊಡಗಿದರು. ಶೇವಿಂಗಿಗೆಂದೇ ಬರುತ್ತಿದ್ದವರು ಮುಂದಿನ ಓಣಿಗೆ ನಡೆದರು. ಮಗ ನಾಗೇಶನಿಗೆ ತನ್ನ ಗೂಡ್ಸ್ ಆಟೋ ಬಿಟ್ಟರೆ ಬೇರೆ ಲೋಕವಿಲ್ಲ. ಕಲಿಯುವ ಹುಡುಗರೆಲ್ಲ ತುಮಕೂರಿನ ಎಸಿ ಸಲೂನುಗಳ ಕಡೆ ಮುಖ ಮಾಡಿದ್ದರು. ತಂದೆಯ ಶಾಪು ತನ್ನ ಕಾಲಕ್ಕೇ ಮುಚ್ಚಿಹೋಗುತ್ತದೆಂಬ ಹೊಸ ಭಯ ಹಳೆಯದರ ಪಕ್ಕದಲ್ಲಿ ಬಂದು ಕೂತಿತು.

ಆಗ ಬಾಯಿಬಿಟ್ಟವಳು ಸೊಸೆ ಪ್ರಮೀಳಾ. ಮದುವೆಗೆ ಮುಂಚೆ ತುಮಕೂರಿನ ಲೇಡೀಸ್ ಪಾರ್ಲರಿನಲ್ಲಿ ಹುಬ್ಬು ತೀಡುತ್ತಿದ್ದವಳು, ಮಾತು ಕಮ್ಮಿ.

"ಮಾವ, ನಾನೇ ಕಲ್ತ್ಕತೀನಿ."

"ಗಂಡಸ್ರು ಶಾಪು ಕಣಮ್ಮ ಇದು."

"ಗಡ್ಡ ಯಾರ್ದಾದ್ರೇನು ಮಾವ. ಕೈ ನೆಟ್ಗಿದ್ರಾಯ್ತಲ್ಲ."

ನೆಟ್ಟಗಿಲ್ಲದ ಕೈಯನ್ನು ಅವರು ಕೋಟಿನ ಜೇಬಿಗೆ ಇಳಿಬಿಟ್ಟರು. ಊರೇನೆಂದೀತು ಎಂಬ ಭಯಕ್ಕೆ ಹೇಗೋ ಸಮಾಧಾನ ಹೇಳಿಕೊಂಡರು. ಹೇಳಿಕೊಳ್ಳಲಾಗದ ಭಯ ಇನ್ನೊಂದಿತ್ತು. ಮಾವ ಕೂತಿದ್ದರೆ ಎದುರಿಗೆ ನಿಲ್ಲದ, ತಟ್ಟೆಯನ್ನು ಕೈಗೆ ಕೊಡದೆ ಮುಂದಿಟ್ಟು ಸರಿಯುವ ಮನೆತನ ಅವರದು. ಅಂಥ ಸೊಸೆ ಮಾವನ ಗದ್ದ ಹಿಡಿದು ಎತ್ತಬೇಕು, ಗಂಟಲಿಗೆ ಕತ್ತಿ ಇಡಬೇಕು. ಹಾಗೆಂದು ಕಟ್ಟಳೆಯನ್ನು ಮುರಿದು ಮೊದಲೇ ಪರರ ಕತ್ತನ್ನು ಒಡ್ಡಿಸುವುದು ಅವರ ಮನಸ್ಸಿಗೆ ಒಗ್ಗದ ಮಾತು.

ಪಾಠ ಶುರುವಾಯಿತು. ಕತ್ತರಿ, ಬಾಚಣಿಗೆಗಳನ್ನು ಅವಳು ಬೇಗ ಒಲಿಸಿಕೊಂಡಳು. ಕತ್ತಿಗೆ ಮಾತ್ರ ಬಲೂನು: ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ಹೆರೆಯಬೇಕು. ಬಲೂನು ಢಬ್ ಎಂದಾಗಲೆಲ್ಲ ಚಿಕ್ಕಹನುಮಯ್ಯನವರು ಮೆಟ್ಟಿಬಿದ್ದು ತಮ್ಮ ಗಂಟಲು ಮುಟ್ಟಿಕೊಳ್ಳುತ್ತಿದ್ದರು. ಕೆಲವೇ ವಾರಗಳಲ್ಲಿ ಬಲೂನು ಒಡೆಯುವುದು ನಿಂತಿತು. ಅವರ ಭಯ ಹೆಚ್ಚಿದ್ದೇ ಆಗ, ಏಕೆಂದರೆ ಇನ್ನು ನೆಪ ಉಳಿದಿರಲಿಲ್ಲ. ಆದರೂ ಹುಡುಕಿದರು. ಮಂಗಳವಾರ ಶಾಪಿಗೆ ರಜೆ; ಶುಕ್ರವಾರ ಬೇಡ; ಅಮಾವಾಸ್ಯೆ ಕಳೆಯಲಿ; ನೆಗಡಿ, ಸೀನು ಬಂದರೆ ಕಷ್ಟ. ಪ್ರಮೀಳಾ ಎದುರಾಡದೆ ಪ್ರತಿ ಬೆಳಿಗ್ಗೆ ಕುರ್ಚಿ ಒರೆಸಿ ಕಾಯುತ್ತಿದ್ದಳು.

ಕೊನೆಗೊಂದು ಬುಧವಾರ ಪರಮಶಿವಯ್ಯ ಮೇಷ್ಟರೂ ನಾನೂ ಬೆಂಚಿನ ಮೇಲೆ ಕೂತಿದ್ದೆವು. "ಲೋ ಹನುಮಯ್ಯ, ನಂಗೆ ಮಿಷಿನ್ ಬೇಡ ಕಣಯ್ಯ, ಕತ್ತೀಲಿ ಮಾಡೋದಾದ್ರೆ ಮಾಡು, ಇಲ್ಲಾ ನಾನೂ ಮುಂದಿನ್ ಓಣಿಗೆ ಹೋಗ್ತೀನಿ" ಎಂದು ಮೇಷ್ಟರು ಗದರಿದರು. ಚಿಕ್ಕಹನುಮಯ್ಯನವರು ಒಮ್ಮೆ ಬಾಗಿಲಿನ ಕಡೆ, ಒಮ್ಮೆ ಸೊಸೆಯ ಕಡೆ ನೋಡಿ, ಕೋಟು ಬಿಚ್ಚಿ, ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತರು.

ಪ್ರಮೀಳಾ ಬಗ್ಗಿ ಅವರ ಪಾದ ಮುಟ್ಟಿ, ಎದ್ದು ಬಿಳಿ ಬಟ್ಟೆ ಹೊದಿಸಿದಳು. ಬಟ್ಟೆಯೊಳಗೆ ಅವರ ಎರಡು ಕೈಗಳೂ ಒಂದನ್ನೊಂದು ಹಿಡಿದುಕೊಂಡು ನಡುಗುತ್ತಿದ್ದುದು ನಮಗೆ ಕಾಣುತ್ತಿತ್ತು. ನೊರೆ ಹಚ್ಚಿದಳು. ಬಲಗೆನ್ನೆ ಆಯಿತು. ಗದ್ದ ಎತ್ತಿದಳು, ಕತ್ತಿ ಗಂಟಲಿಗೆ ಇಳಿಯಿತು. ಆ ಕ್ಷಣದಲ್ಲಿ ಬಾಯೊಳಗೆ ಕೆರೆ ಕೋಡಿ ಬಿದ್ದಂತೆ ಉಗುಳು ತುಂಬಿಕೊಂಡಿತೆಂದು ಅವರೇ ಆಮೇಲೆ ಹೇಳಿದರು. ಜೀವಮಾನವೆಲ್ಲ ಊರಿಗೆ ಬೇಡವೆಂದು ಹೇಳಿದ್ದನ್ನು ತಾವೇ ಮಾಡಿದರು. ನುಂಗಿದರು.

ಉಬ್ಬು ಮೇಲೆದ್ದಿತು. ನೊರೆಯ ಮೇಲೆ ಕೆಂಪು ಗೆರೆ ಮೂಡಿತು.

ಪ್ರಮೀಳಾ ಕತ್ತಿಯನ್ನು ಕನ್ನಡಿಯ ಮುಂದಿಟ್ಟು ಗೋಡೆಗೆ ಸರಿದು ನಿಂತಳು. "ನನ್ ಕೈಲಾಗಲ್ಲ ಮಾವ. ಬುಟ್ಬುಡಿ ನನ್ನ." ಬೆಂಚಿನಿಂದ ಏಳಲು ಹೊರಟ ನನ್ನನ್ನು ಮೇಷ್ಟರು ತಡೆದರು.

ಚಿಕ್ಕಹನುಮಯ್ಯನವರು ಕನ್ನಡಿ ನೋಡಿದರು. ಅರ್ಧ ಮುಖಕ್ಕೆ ನೊರೆ, ಗಂಟಲಲ್ಲಿ ತಂದೆಯ ಗೆರೆ ಇದ್ದ ಜಾಗದಲ್ಲೇ ಹೊಸ ಗೆರೆ. ಹಣೆಯ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಈಗ ಎದ್ದು ಮುಖ ತೊಳೆದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಶಾಪಿನ ಕತೆ ಮಾತ್ರ ಅಲ್ಲಿಗೆ ಮುಗಿಯುತ್ತಿತ್ತು, ಆ ಹೆಣ್ಣುಮಗಳು ಮತ್ತೆ ಕತ್ತಿ ಮುಟ್ಟುತ್ತಿರಲಿಲ್ಲ. ಅವರು ಕೈ ಚಾಚಿ, ಮೊಳೆಗೆ ತೂಗುಹಾಕಿದ್ದ ಕೋಟಿನ ಜೇಬಿನಿಂದ ಪಟಿಕ ತೆಗೆದು, ಗಾಯಕ್ಕೆ ಒತ್ತಿಕೊಂಡರು.

"ತಪ್ಪು ನಿಂದಲ್ಲ ಕಣಮ್ಮ. ಉಗುಳು ನುಂಗಿದ್ದು ನಾನು."

ಅವರು ತಲೆಯನ್ನು ಮತ್ತೆ ಕುರ್ಚಿಯ ತಲೆದಿಂಬಿಗೆ ಆನಿಸಿ, ಗಂಟಲನ್ನು ಪೂರ್ತಿ ಬಿಟ್ಟುಕೊಟ್ಟು, ಕಣ್ಣು ಮುಚ್ಚಿದರು.

"ಮುಂದಕ್ ನಡಿ."

ಅವಳು ಗೋಡೆ ಬಿಟ್ಟು ಬಂದು ಕತ್ತಿ ಎತ್ತಿಕೊಂಡಳು. ಎಡಗೆನ್ನೆ ಮುಗಿಯಿತು, ಗಂಟಲು ಮುಗಿಯಿತು. ಇಷ್ಟು ವರ್ಷ ನಾವು ಛೇಡಿಸಿದ ಆ ಬಿಳಿ ಕುಚ್ಚೂ ಹೋಯಿತು. ಅವರು ಎದ್ದು, ಕುರ್ಚಿಯನ್ನು ಬಟ್ಟೆಯಿಂದ ಕೊಡವಿ, ಮೇಷ್ಟರಿಗೆ ಕೈ ತೋರಿಸಿದರು. "ಕೂತ್ಕಳಿ ಸಾ. ನಮ್ ಸೊಸೆ ಮಾಡ್ತಾಳೆ. ಉಗುಳು ಮಾತ್ರ ನುಂಗ್ಬೇಡಿ."

ಮೇಷ್ಟರು ಕೂತರು. ಅವರ ಶೇವಿಂಗ್ ಮುಗಿಯುವ ತನಕ ಚಿಕ್ಕಹನುಮಯ್ಯನವರು ಪಟಿಕವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ದರು.

ಈಗಲೂ ಅವರು ಗೋಡೆಗೆ ಒತ್ತಿಕೊಂಡೇ ನಡೆಯುತ್ತಾರೆ, ಬೀಗ ಜಗ್ಗುತ್ತಾರೆ. ಅಂಜುಬುರುಕರೆಂದು ನಾವು ಹಗುರವಾಗಿ ಹೆಸರಿಟ್ಟುಬಿಡುವ ಇಂಥ ಜನರನ್ನು ನೋಡಿದಾಗ ನನಗೆ ಆ ಬುಧವಾರ ನೆನಪಾಗುತ್ತದೆ. ಅಲಗು ಎಂಥದೆಂದು ಅರಿಯದವನು ಕತ್ತು ಚಾಚಿದರೆ ಅದು ದೊಡ್ಡಸ್ತಿಕೆಯಲ್ಲ. ಇವರಿಗೆ ಭಯ ಬಿಟ್ಟುಹೋಗುವುದಿಲ್ಲ, ಬಿಟ್ಟುಹೋಗಲೆಂದು ಇವರು ಕಾಯುವುದೂ ಇಲ್ಲ. ಬೆವರುತ್ತ, ಬಟ್ಟೆಯೊಳಗೆ ತಮ್ಮ ಕೈಯನ್ನು ತಾವೇ ಹಿಡಿದುಕೊಂಡು, ತಲೆಯನ್ನು ಹಿಂದಕ್ಕೆ ಆನಿಸುತ್ತಾರೆ. ಕಲಿಯುವವರಿಗೆ ಮೊದಲನೆಯ ಕತ್ತು ಸಿಗುವುದು ಇಂಥವರಿಂದಲೇ.