ಸುತ್ತಿನ ಸಾಲು

“ಯಾರ ಹೇಳ್ಯಾರ ನಿನಗ ಇದನ್ನ ಮಾಡಂತ?”

ಸಾವಂತ್ರವ್ವ ತಲೆಯೆತ್ತಲಿಲ್ಲ. ಬಾಡಿ ಜೋತುಬಿದ್ದಿದ್ದ ಬದನೆಯ ಕುಡಿಯೊಂದನ್ನು ಚಿವುಟಿದಳು. ಉಗುರಿನಿಂದ ಸೀಳಿ, ಒಳಗಿದ್ದ ನಸುಗೆಂಪು ಹುಳವನ್ನು ಕಲ್ಲಿನ ಮೇಲಿಟ್ಟು ಹೊಸಕಿದಳು. ಆಮೇಲೆ ಧ್ವನಿ ಬಂದ ಕಡೆ ನೋಡಿದಳು. ಬದುವಿನ ಮೇಲೆ ಹೊಲದ ಒಡೆಯ ಗೌಡ ಬಸಗೊಂಡಪ್ಪನ ಅಕ್ಕನ ಮಗ ಮುತ್ತು ನಿಂತಿದ್ದ. ವಿಜಯಪುರದ ಅಥಣಿ ರಸ್ತೆಯಲ್ಲಿ ಅವನಿಗೆ ಬೀಜ, ಗೊಬ್ಬರದ ಅಂಗಡಿ. ಈ ಹೊಲದ ಬದನೆ ಬೀಜ ತಂದುಕೊಟ್ಟವನೂ ಅವನೇ.

“ಯಾರ ಯಾಕ ಹೇಳಬೇಕ್ರಿ? ನನ್ನ ಸಾಲು. ನಾ ಹುಳ ಆರಸಾಕತ್ತೇನಿ.”

“ನಿನ್ನ ಸಾಲು!” ಮುತ್ತು ನಕ್ಕ. ನಗು ಅಲ್ಲಿಗೇ ನಿಂತಿತು. ಬದುವಿನುದ್ದಕ್ಕೂ ನಡೆದು ಹೋಗಿ, ಬಗ್ಗಿ, ಒಂದೊಂದೇ ಕಾಯಿ ತಿರುವಿ ನೋಡಿದ. ಎಲ್ಲೂ ತೂತಿರಲಿಲ್ಲ. ಮರಳಿ ಬಂದಾಗ ಅವನ ಮುಖ ಕೆಂಪಾಗಿತ್ತು.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಕಾಲುವೆಯ ಕೆಳಗೆ ಬರುವ ಹೊಲ ಅದು. ನಡುವೆಲ್ಲ ಮುತ್ತು ತಂದ ಹೊಸ ಬೀಜದ ಗಿಡ. ಅದನ್ನು ತಿಂದ ಹುಳ ಬದುಕುವುದಿಲ್ಲ, ಅದಕ್ಕೆ ಹುಳ ಕೊಲ್ಲುವ ಎಣ್ಣೆ ಹೊಡೆಯುವುದೇ ಬೇಡ ಎಂದಿದ್ದ. ಸುತ್ತಲೂ ಎರಡೆರಡು ಸಾಲು ಮಾತ್ರ ಹಳೆಯ ತಳಿ. ಸಸಿ ಹಚ್ಚುವ ಮೊದಲು ಬಸಗೊಂಡಪ್ಪ ತಾನಾಗಿಯೇ ಸಾವಂತ್ರವ್ವನ ಮನೆಯ ತನಕ ಬಂದಿದ್ದ. ಒಳಗೆ ಕಾಲಿಡಲಿಲ್ಲ, ಆದರೆ ಬಂದಿದ್ದ. “ಈ ಸಲ ದಿನದ ಕೂಲಿ ಅನ್ನೂದ ಬ್ಯಾಡ ಸಾವಂತ್ರಿ. ಸಸಿ ಹಚ್ಚೂದರಿಂದ ಕಡೀ ಕಾಯಿ ಹರಿಯೂತನಕ ಹೊಲ ನೋಡ್ಕೊ. ಸುತ್ತಿನ ಸಾಲು ನಿನ್ನವು. ಒಂದ ಮಾತು, ಅದಕ್ಕ ಎಣ್ಣಿ ಹೊಡೀಬಾರದು.”

ಎಣ್ಣೆ ಹೊಡೆಯಬಾರದು ಎಂದದ್ದೇ ಅವಳಿಗೆ ಹೆಚ್ಚು ಹಿಡಿಸಿತ್ತು. ಗಂಡ ಮರೆಪ್ಪ ಕಂಡವರ ಹೊಲಕ್ಕೆಲ್ಲ ಔಷಧದ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ತಿರುಗಿದವನು. ಈಗ ಅವನ ಕಣ್ಣಿಂದ ಯಾವಾಗಲೂ ನೀರು ಸುರಿಯುತ್ತದೆ. ಅಂಗೈಯ ಚರ್ಮ ಬಿಸಿಲಿಗೆ ಒಣಗಿದ ಕೆರೆಯ ಹಾಗೆ ಸೀಳಿದೆ. ಹಾಗಾಗಿ ಅವಳು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಬಂದು ತನ್ನ ಸಾಲಿನ ಹುಳವನ್ನು ಕೈಯಿಂದಲೇ ಆರಿಸುತ್ತಿದ್ದಳು. ಆಮೇಲೆ ಗೌಡರ ಕಳೆ, ಗೌಡರ ನೀರು. ಗಿಡದ ಮೇಲೆ ಇರುವಾಗಲೇ ತನ್ನದು ಎನ್ನಬಹುದಾದ ಒಂದು ಕಾಯಿಯನ್ನು ಈ ವಯಸ್ಸಿನ ತನಕ ಅವಳು ಕಂಡಿರಲಿಲ್ಲ.

“ಹೊಲ ಕೆಡಿಸಿಟ್ಟಿ ಬೇ,” ಎಂದ ಮುತ್ತು. “ಈ ಸಾಲು ಇಟ್ಟಿದ್ದ ಹುಳಕ್ಕ. ಹುಳ ಇಲ್ಲಿ ತಿಂದು ಇಲ್ಲೇ ಬೆಳೀಬೇಕು. ಹಂಗಿದ್ರ ನಡುವಿನ ಗಿಡ ತಿಂದೂ ಬದುಕೂದನ್ನ ಅದರ ಪೀಳಿಗಿ ಕಲಿಯೂದಿಲ್ಲ. ಅದರ ಮ್ಯಾಲ ನಾಡಿದ್ದ ಹಳ್ಳಿ ಹಳ್ಳಿಯಿಂದ ರೈತರು ನೋಡಾಕ ಬರ್ತಾರ. ಸುತ್ತೂ ತೂತ ಬಿದ್ದ ಕಾಯಿ, ನಡುವ ಮಿಂಚೂ ಕಾಯಿ ತೋರಸಬೇಕಂತ ಮಾಡಿದ್ನಿ. ನೀ ಎರಡನ್ನೂ ಒಂದ ಮಾಡಿ ಕುಂತಿ.”

“ಹುಳಕ್ಕ?”

“ಹೂಂ, ಹುಳಕ್ಕ. ಕಿವಿ ಕೇಳ್ತಾವಿಲ್ಲ?”

“ಗೌಡ್ರಿಗೆ ಗೊತ್ತಿತ್ತೇನ್ರಿ ಇದು?”

“ಅವರಿಗೆ ಗೊತ್ತಿಲ್ದ ಇಡ್ತೀನೇನ?”

ಬಸಗೊಂಡಪ್ಪ ಮೋಟಾರಿನ ಕೋಣೆಯ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದ. ಸಾವಂತ್ರವ್ವ ಸ್ವಲ್ಪ ದೂರದಲ್ಲೇ ನಿಂತಳು. ಅಲ್ಲಿ ನಿಲ್ಲಬೇಕು ಎಂದು ಅವಳಿಗೆ ಈಗ ಯಾರೂ ಹೇಳುವುದಿಲ್ಲ. ಹೇಳುತ್ತಿದ್ದ ಕಾಲದ ರೂಢಿ ಕಾಲಿಗೆ ಹಾಗೇ ಉಳಿದಿದೆ.

“ಗೌಡ್ರ, ಸಾಲು ನನಗ ಕೂಲಿಗಂತ ಕೊಟ್ರೊ, ಹುಳಕ್ಕಂತ ಇಟ್ರೊ?”

ಬಸಗೊಂಡಪ್ಪ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾವನ್ನು ಊದಿದ. “ಅದಕ್ಯಾಕ ಅಷ್ಟ ಸಿಟ್ಟಿಗೇಳ್ತಿ? ಎರಡೂ ಹೌದು. ಹುಳ ತಿಂದು ಉಳದದ್ದು ನಿಂದ.”

“ಹುಳ ತಿಂದು ಉಳದದ್ದು.”

“ಮತ್ತ? ಹುಳ ಎಷ್ಟ ತಿಂದಾವು? ನಾಡಿದ್ದ ಮಂದಿ ಬಂದು ಹೋಗೂತನಕ ನೀ ಹೊಲದ ಕಡೆ ಹಾಯಬ್ಯಾಡ. ಆಮ್ಯಾಲ ನಾ ನೋಡ್ತೀನಿ.”

ಸಾವಂತ್ರವ್ವ ತಿರುಗಿ ಬದುವಿನ ಮೇಲೆ ಹೆಜ್ಜೆ ಹಾಕಿದಳು. ಇನ್ನೊಂದು ಮಾತು ಕೇಳಿದರೆ ತನ್ನ ಧ್ವನಿ ಏರುತ್ತದೆ ಎಂದು ಗೊತ್ತಿತ್ತು.

ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತಳು. ಹಿಟ್ಟು ಕೈಗೆ ಒಗ್ಗಲಿಲ್ಲ. ಬಡಿದ ಪೆಟ್ಟಿಗೆ ರೊಟ್ಟಿಯ ಅಂಚು ಬಿರಿದು ಬಿರಿದು ಹೋಯಿತು. ಬಾಗಿಲ ಬಳಿ ಕುಳಿತಿದ್ದ ಮರೆಪ್ಪ ಒದ್ದೆ ಬಟ್ಟೆಯಿಂದ ಕಣ್ಣು ಒತ್ತಿಕೊಳ್ಳುತ್ತ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಕೊನೆಗೆ ಎಂದ, “ಅಂದ್ರ ಹುಳಕ್ಕೂ ನಮಗೂ ಗೌಡ ಒಂದ ತಾಟಿನಾಗ ಬಡಿಸ್ಯಾನ. ಮೊದಲ ಅದು ಉಣಬೇಕು, ಆಮ್ಯಾಲ ನಾವು.”

“ನಗ್ಯಾಡಬ್ಯಾಡ ನೀ.”

“ನಗದ ಏನ ಮಾಡ್ಲಿ? ನಾಳೆ ಕೆಲಸಂದ್ರ ಅದ ಬಾಗಲಕ್ಕ ಹೋಗಬೇಕು. ಎರಡ ದಿನ ಸುಮ್ನಿದ್ದು ಬಿಡು.”

ಒಂದು ದಿನ ಸುಮ್ಮನಿದ್ದಳು. ಅಂಗಳದ ಕಸವನ್ನು ಮತ್ತೆ ಮತ್ತೆ ಗುಡಿಸಿದಳು. ಕೈ ಖಾಲಿಯಾದಾಗಲೆಲ್ಲ, ಈ ಹೊತ್ತಿಗೆ ಯಾವ ಗಿಡದ ಯಾವ ಕುಡಿ ಬಾಡುತ್ತಿರಬಹುದು ಎಂದು ಯೋಚನೆ ಬರುತ್ತಿತ್ತು. ಮರುದಿನ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹೊರಟಾಗ ಮರೆಪ್ಪ ತಡೆಯಲಿಲ್ಲ. “ನಾನೂ ಬರ್ತೀನಿ,” ಎಂದ.

ರೈತರು ಬಂದಿದ್ದರು. ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿತ್ತು. ಮುತ್ತು ಇಸ್ತ್ರಿ ಅಂಗಿ ಹಾಕಿಕೊಂಡು ನಡುವಿನ ಗಿಡದ ಕಾಯೊಂದನ್ನು ಎತ್ತಿ ಹಿಡಿದಿದ್ದ. “ಎಣ್ಣಿ ಖರ್ಚಿಲ್ಲ, ಆಳಿನ ಖರ್ಚಿಲ್ಲ. ಈಗ ಸುತ್ತಿನ ಸಾಲು ನೋಡ್ರಿ, ಫರಕ ನಿಮಗ ತಿಳೀತೈತಿ.” ಎಲ್ಲರ ತಲೆ ಸುತ್ತಿನ ಸಾಲಿಗೆ ತಿರುಗಿತು. ಅಲ್ಲಿ ಸಾವಂತ್ರವ್ವ ಕುಕ್ಕರುಗಾಲಲ್ಲಿ ಕುಳಿತು ಕುಡಿ ಚಿವುಟುತ್ತಿದ್ದಳು.

“ಆಕಿ ಏನ ಮಾಡಾಕತ್ತಾಳಲ್ಲಿ?” ಎಂದು ಕೇಳಿದವನು ಬಬಲೇಶ್ವರದ ಚಮನಸಾಬ, ಕಾಯಿಪಲ್ಯೆ ಬೆಳೆಯುವವನು.

“ಕೂಲಿಯಾಕಿ ರಿ, ಬಿಡ್ರಿ,” ಎಂದ ಮುತ್ತು. ಬಸಗೊಂಡಪ್ಪ ಅವಳತ್ತ ನೋಡಿದ ನೋಟಕ್ಕೆ ಬೇರೆ ದಿನವಾಗಿದ್ದರೆ ಅವಳು ಎದ್ದು ಹೋಗುತ್ತಿದ್ದಳು.

ಅಷ್ಟರಲ್ಲಿ ಹಿಂದಿನಿಂದ ಬಳೆಯ ಸದ್ದಾಯಿತು. ಬಸಗೊಂಡಪ್ಪನ ಹೆಂಡತಿ ಸೌಭಾಗ್ಯ, ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ಬಂದಿದ್ದಳು. ಗಂಡಸರಿಗೆ ಕೇಳಿಸದಂತೆ ಬಗ್ಗಿ ಪಿಸುಗುಟ್ಟಿದಳು. “ಸಾವಂತ್ರವ್ವ, ಲಗೂನ ಒಂದ ಬುಟ್ಟಿ ಕಾಯಿ ಹರಕೊಡ. ಮಂದಿ ಊಟಕ್ಕ ಎಣ್ಣಿಗಾಯಿ ಮಾಡಬೇಕು.”

“ನಡುವ ಅಷ್ಟ ಜೋತಾಡಾಕತ್ತಾವಲ್ರಿ ಅಕ್ಕಾರ.”

“ಅವು ಬ್ಯಾಡ. ನಮ್ಮತ್ತಿ ಅವನ್ನ ಒಲಿ ಮ್ಯಾಲ ಇಡಗೊಡೂದಿಲ್ಲ. ಹುಳ ಸಾಯೂದನ್ನ ನೀವು ಹೆಂಗ ತಿಂತೀರಿ ಅಂತಾರ. ಮನಿಗೆ ಮೊದಲಿಂದ ನಿನ್ನ ಸಾಲಿನವ ಒಯ್ಯಾಕತ್ತೇವಿ, ನೀ ಮನಿಗೆ ಹ್ವಾದ ಮ್ಯಾಲ. ನಿನಗ ಹೇಳಬಾರದಂತ ನಮ್ಮ ಮನಿಯವರ ಅಂದಿದ್ರು.” ಹೇಳಿಬಿಟ್ಟ ಮೇಲೆ ಸೌಭಾಗ್ಯಳಿಗೆ ಹೇಳಬಾರದಿತ್ತು ಅನಿಸಿತು. ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

ಸಾವಂತ್ರವ್ವನ ಗಿಡಗಳ ಬುಡದಲ್ಲಿ ಆಗಾಗ ಬಲಿತ ಕಾಯಿಗಳು ಕಾಣೆಯಾಗುತ್ತಿದ್ದವು. ಹಾದಿಯಲ್ಲಿ ಹೋಗುವವರು ಹರಿದಿರಬೇಕು, ತಿನ್ನಲಿ ಬಿಡು, ಎಂದುಕೊಂಡಿದ್ದಳು. ಈಗ ಎದ್ದು ನಿಂತಳು. ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

“ಗೌಡ್ರ! ಮನಿಗೆ ಕಾಯಿ ಬೇಕಂತ. ಯಾವ ಸಾಲಿನವು ಹರಕೊಡ್ಲಿ?”

ಬಸಗೊಂಡಪ್ಪ ಹೆಂಡತಿಯನ್ನು ನೋಡಿದ. “ಯಾವಾದ್ರೂ ಹರಿ. ಅದನ್ನೇನ ಇಲ್ಲಿ ಕೇಳ್ತಿ?”

“ನಡುವಿನವು ಬ್ಯಾಡಂತಾರಲ್ರಿ ಅಕ್ಕಾರು. ನಿಮ್ಮ ಮನ್ಯಾಗ ಅವನ್ನ ತಿನ್ನೂದಿಲ್ಲಂತಲ್ಲ?”

ತಾಡಪತ್ರಿಯ ಮೇಲಿದ್ದವರಲ್ಲಿ ಒಬ್ಬ ಕೆಮ್ಮಿದ. ಚಮನಸಾಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಹಂಗಾದ್ರ ಗೌಡ್ರ, ನಿಮಗ ಉಣ್ಣಾಕ ಒಂದ ಸಾಲು, ನಮಗ ಬಿತ್ತಾಕ ಒಂದ ಸಾಲು ಮಾಡೀರೇನು?”

ಒಂದಿಬ್ಬರು ನಕ್ಕರು. ಮುತ್ತು ನಡುವೆ ಬಾಯಿ ಹಾಕಿದ. “ಮುದುಕರ ಅಂಜಿಕಿ ರಿ ಅದು! ತಿಂದ್ರ ಏನೂ ಆಗೂದಿಲ್ಲ. ಈಕಿಗೆ ಏನ ತಿಳೀತೈತಿ? ಏ, ನಡಿ ಇಲ್ಲಿಂದ.”

“ಬೀಜದ ಮ್ಯಾಲ ನನಗ ಸಿಟ್ಟಿಲ್ರಿ,” ಎಂದಳು ಸಾವಂತ್ರವ್ವ. ಅವನಿಗೆ ಅಲ್ಲ, ತಾಡಪತ್ರಿಯ ಮೇಲಿದ್ದವರಿಗೆ. “ಎಣ್ಣಿ ಹೊಡಿಯೂದು ತಪ್ಪತೈತಿ ಅಂದ್ರ ಎಲ್ಲಾರಕಿಂತ ಮೊದಲ ನಾ ಕೈ ಮುಗೀತೀನಿ. ಅಲ್ಲಿ ನಿಂತಾನ ನೋಡ್ರಿ ನನ್ನ ಗಂಡ, ಅವನ ಕಣ್ಣ ನೋಡ್ರಿ. ಹುಳಕ್ಕ ಸಾಲು ಬೇಕಾಗಿತ್ತಂದ್ರ ಹುಳಕ್ಕ ಬಿಡು ಅನ್ನಬೇಕಿತ್ತು, ಬಿಡ್ತಿದ್ನಿ. ನನ್ನ ದುಡಿತಕ್ಕ ಇದ ಕೂಲಿ ಅಂತ ಹೇಳಿ ಕೊಡಬಾರದಿತ್ತು. ಕೊಟ್ಟ ಮ್ಯಾಲ ಕದ್ದ ತಿನ್ನಬಾರದಿತ್ತು.”

“ಸಾವಂತ್ರೀ!” ಬಸಗೊಂಡಪ್ಪ ಎದ್ದ.

ಅವಳು ನಡುವಿನ ಗಿಡಗಳ ಒಳಗೆ ಹೋದಳು. ಎಲ್ಲಕ್ಕಿಂತ ಚೆಂದದ ಒಂದು ಕಾಯಿ ಹುಡುಕಿ ಕಿತ್ತಳು. ತೊಟ್ಟು ಹಿಡಿದು, ಸೊಂಟದ ಕುಡಗೋಲಿನಿಂದ, ಎಣ್ಣೆಗಾಯಿಗೆ ಸೀಳುವ ಹಾಗೆ ನಾಲ್ಕಾಗಿ ಸೀಳಿ, ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದಳು. ಒಳಗೆ ಹಾಲಿನಂತೆ ಬೆಳ್ಳಗಿತ್ತು. ಅದನ್ನು ತಂದು ಸೌಭಾಗ್ಯಳ ಬುಟ್ಟಿಯಲ್ಲಿಟ್ಟಳು.

“ಹುಳ ಇಲ್ರಿ. ಒಯ್ಯಿರಿ.”

ಸೌಭಾಗ್ಯ ಒಯ್ಯಲಿಲ್ಲ, ತೆಗೆದು ಎಸೆಯಲೂ ಇಲ್ಲ. ಗಂಡನನ್ನು ನೋಡಿದಳು. ಅವನು ಮುತ್ತುವನ್ನು ನೋಡಿದ. ಮುತ್ತು ಕಾಲುವೆಯ ಕಡೆ ನೋಡುತ್ತಿದ್ದ. ಬಿಸಿಲು ಏರಿತ್ತು. ಬುಟ್ಟಿಯ ತಳದಲ್ಲಿ ಬಾಯಿ ತೆರೆದುಕೊಂಡಿದ್ದ ಒಂದೇ ಒಂದು ಕಾಯಿ, ಅಂಚಿನಿಂದ ಮೊದಲಾಗಿ, ನಿಧಾನಕ್ಕೆ ಕಂದಾಗತೊಡಗಿತು.