ಬೆಳಗಿನ ರೈಲು ಹತ್ತಿದ ಕುಂಬಳಕಾಯಿ

ಲಂಡನ್ನಿಗೆ ಕೆಲಸಕ್ಕೆ ಹೋಗುವವರ ಬೆಳಗಿನ ರೈಲು ಹೊರಟಿತೆಂದರೆ ನೆದರ್ ಪಿಪ್ಪಲ್ ಊರಿನಲ್ಲಿ ಉಳಿಯುವವರು ನಾಯಿಗಳು, ಪಾದ್ರಿ ಲಯನೆಲ್ ಮತ್ತು ಮುದುಕಿ ಡಲ್ಸಿ ಮಾತ್ರ. ದನದ ಕೊಟ್ಟಿಗೆಯಾಗಿದ್ದದ್ದು ಈಗ 'ಹಳೇ ಕೊಟ್ಟಿಗೆ' ಎಂದು ಬೋರ್ಡು ಹಾಕಿಕೊಂಡ ಬಂಗಲೆ. ಕಮ್ಮಾರನ ಕುಲುಮೆ 'ಹಳೇ ಕುಲುಮೆ', ಶಾಲೆ 'ಹಳೇ ಶಾಲೆ'. ಬೋರ್ಡಿಲ್ಲದ ಹಳೇ ವಸ್ತು ಊರಲ್ಲಿ ತಾನೊಬ್ಬಳೇ ಎನ್ನುತ್ತಿದ್ದಳು ಡಲ್ಸಿ.

ಅವಳ ಜೀವವೆಲ್ಲ ಇದ್ದದ್ದು ವರ್ಷಕ್ಕೊಮ್ಮೆ ದೊಡ್ಡ ಕಾಯಿಗೆ ಬಹುಮಾನ ಕೊಡುವ ಊರ ತರಕಾರಿ ಪ್ರದರ್ಶನದಲ್ಲಿ. ಅಜ್ಜಿಯ ಕಾಲದಿಂದ ನಡೆದುಬಂದದ್ದು. ಹೋದ ವರ್ಷ ಅವಳ ಕುಂಬಳಕಾಯಿ ಬಿಟ್ಟರೆ ಬೇರೇನೂ ಬರಲಿಲ್ಲ; ಬಹುಮಾನ ತೆಗೆದುಕೊಂಡು ಚಪ್ಪಾಳೆಯನ್ನೂ ತಾನೇ ತಟ್ಟಿಕೊಂಡಳು. ಈ ಸಲ ಹೊಸಬರು ಯಾರೂ ಬರದಿದ್ದರೆ ನಿಲ್ಲಿಸಿಬಿಡೋಣ ಎಂದು ಪಾದ್ರಿಗಳು ಮೆಲ್ಲಗೆ ಹೇಳಿದ್ದರು. ಮನೆಮನೆಯ ಬಾಗಿಲು ತಟ್ಟಿದರೆ ನಾಯಿಗಳೇ ಉತ್ತರ ಕೊಟ್ಟವು. ರಜೆಯ ದಿನ ಸಿಕ್ಕವರು ಖಂಡಿತ ಬರುತ್ತೇವೆ ಎಂದು ನಕ್ಕರು. ಆ ಊರಲ್ಲಿ ಖಂಡಿತ ಎಂದರೆ ಇಲ್ಲವೆಂದೇ ಅರ್ಥ.

ಮನೆಯಲ್ಲಿ ಸಿಗದವರು ರೈಲಿನಲ್ಲಿ ಸಿಗದೆ ಎಲ್ಲಿ ಹೋದಾರು? ಮಂಗಳವಾರ ಡಲ್ಸಿ ಕುಂಬಳಕಾಯಿಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ನಿಲ್ದಾಣಕ್ಕೆ ಹೋದಳು. ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೂ ದಿನವೂ ನಿಲ್ಲುವ ಅವರವರ ಹಾಸುಗಲ್ಲಿನ ಮೇಲೆ ನಿಂತಿದ್ದರು. ಒಬ್ಬರ ಕಲ್ಲಿನ ಮೇಲೆ ಇನ್ನೊಬ್ಬರು ನಿಲ್ಲುವುದೆಂದರೆ ಅವರ ಬ್ರಷ್ಷಿನಲ್ಲಿ ಇವರು ಹಲ್ಲುಜ್ಜಿದಂತೆ. ರೈಲು ಬಂದಾಗ ಇಬ್ಬರು ಗಂಡಸರು ತುಟಿ ಬಿಚ್ಚದೆ ಕಾಯಿಯನ್ನು ಬೋಗಿಯೊಳಗೆ ಎತ್ತಿಕೊಟ್ಟರು. ಡಲ್ಸಿ ಅದನ್ನು ಕಿಟಕಿ ಪಕ್ಕದ ಖಾಲಿ ಸೀಟಿನಲ್ಲಿ ಕೂರಿಸಿದಳು.

ಅದು ಬ್ಯಾಂಕಿನಲ್ಲಿ ಕೆಲಸ ಮಾಡುವ ಪಾರ್ಜಿಟರ್ ಎಂಬವರು ದಿನವೂ ಕೂರುವ ಸೀಟು. ಅವರು ಬಂದರು, ನೋಡಿದರು, 'ಸಾರಿ' ಎಂದರು. ಹೇಳಿದ್ದು ಕುಂಬಳಕಾಯಿಗೆ. ಆಮೇಲೆ ಅದರ ಪಕ್ಕದಲ್ಲೇ ನಿಂತರು. ಬೇರೆ ಸೀಟುಗಳು ಖಾಲಿಯಿದ್ದವು, ಆದರೆ ಅವು ಮುಂದಿನ ನಿಲ್ದಾಣದಲ್ಲಿ ಹತ್ತುವವರವು. ಕಾಯಿ ಸರಿಸಿ ಎನ್ನೋಣವೆಂದರೆ ಮುದುಕಿಯ ಪರಿಚಯವಿಲ್ಲ. ಇಡೀ ಬೋಗಿ ಪತ್ರಿಕೆಗಳ ಹಿಂದೆ ಉಸಿರು ಬಿಗಿಹಿಡಿಯಿತು.

ಪ್ರದರ್ಶನಕ್ಕೆ ಬನ್ನಿ ಎನ್ನಲು ಡಲ್ಸಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಎಷ್ಟೆಂದರೂ ಅವಳೂ ಅದೇ ಊರವಳು; ರೈಲಿನಲ್ಲಿ ಗುರುತಿಲ್ಲದವರನ್ನು ಮಾತಾಡಿಸಿದ ಹುಚ್ಚಿ ಅನ್ನಿಸಿಕೊಳ್ಳುವುದು ಅವಳಿಂದಲೂ ಆಗದು. ಅಜ್ಜಿಯ ಪ್ರದರ್ಶನ ಮುಗಿದಂತೆಯೇ ಎಂದುಕೊಂಡಳು.

ತಿರುವಿನಲ್ಲಿ ರೈಲು ಜಗ್ಗಿತು. ಕಾಯಿ ಉರುಳಿತು. ಪಾರ್ಜಿಟರ್ ಎರಡೂ ತೋಳು ಚಾಚಿ ಕೂಸನ್ನು ಹಿಡಿದಂತೆ ಹಿಡಿದರು. ಹಿಡಿದವರು ಬೆರಳಿನಿಂದ ತಟ್ಟಿಯೂ ನೋಡಿದರು.

"ನೀರು ಜಾಸ್ತಿ ಹಾಕಿದೀರಿ," ಎಂದರು.

ಡಲ್ಸಿಯ ಕಿವಿ ಕೆಂಪಾಯಿತು. "ಏನ್ ಸ್ವಾಮಿ, ನೀವೆಂಥದು ಬೆಳೆದಿದೀರಿ?"

"ನಂದು ಇದಕ್ಕಿಂತ ದೊಡ್ಡದಿದೆ ಕಣಮ್ಮ, ಹಿತ್ತಲಲ್ಲಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಎದುರಿಗಿದ್ದ ವಕೀಲೆ ಫಿಲಿಪಾ ಪತ್ರಿಕೆಯನ್ನು ಮೂಗಿನವರೆಗೆ ಇಳಿಸಿದಳು. "ದೊಡ್ಡದಂತೆ. ಬೇಲಿ ಮೇಲಿಂದ ದಿನಾ ನೋಡ್ತೀನಲ್ಲ. ನನ್ನದರ ಮುಂದೆ ಅದು ನಿಂಬೆಕಾಯಿ."

ಪಕ್ಕಪಕ್ಕದ ಮನೆಯವರಾಗಿ ಅವರಿಬ್ಬರು ಆಡಿದ ಮೊದಲ ಮಾತು ಇದೇ. ಆಮೇಲೆ ಕಟ್ಟೆ ಒಡೆಯಿತು. ಒಬ್ಬರು ಈರುಳ್ಳಿ ಬೆಳೆದಿದ್ದರು, ಇನ್ನೊಬ್ಬರು ಮೂಲಂಗಿ. ಎಲ್ಲರೂ ಕದ್ದುಮುಚ್ಚಿ, ಜಂಬವನ್ನು ನುಂಗಿಕೊಂಡು. ಲಂಡನ್ ಬಂದಾಗ ಯಾರ ಹುರುಳಿಕಾಯಿ ಉದ್ದವೆಂಬ ಜಗಳ ಬಗೆಹರಿದಿರಲಿಲ್ಲ, ಆದ್ದರಿಂದ ಯಾರೂ ಇಳಿಯಲಿಲ್ಲ. ಕಸ ಗುಡಿಸಲು ಬಂದವನು ಎಲ್ಲರನ್ನೂ ಇಳಿಸಿದ.

ಶನಿವಾರ ಪ್ರದರ್ಶನಕ್ಕೆ ಊರ ಸಭಾಭವನದಲ್ಲಿ ಮೇಜು ಸಾಲದೆ ಪಿಯಾನೋ ಮೇಲೂ ಕೋಸು ಇಟ್ಟರು. ಮೊದಲ ಬಹುಮಾನ ಪಾರ್ಜಿಟರಿಗೆ, ಎರಡನೆಯದು ಫಿಲಿಪಾಗೆ. ಡಲ್ಸಿಯ ಕಾಯಿ ಎಲ್ಲಕ್ಕಿಂತ ಹಿಂದೆ. ಪಾದ್ರಿಗಳು ಸಮಾಧಾನ ಮಾಡಲು ಬಂದರು.

"ಬೇಜಾರಾಯ್ತೇನಮ್ಮ?"

"ಆಗದೆ ಇನ್ನೇನು. ಆ ಮನುಷ್ಯ ಗೊಬ್ಬರ ಎಲ್ಲಿಂದ ತರ್ತಾನೆ ಅಂತ ಮೊದಲು ಪತ್ತೆ ಹಚ್ಬೇಕು."

ಪಾದ್ರಿಗಳು ಬರುವ ವರ್ಷಕ್ಕೂ ಸಭಾಭವನ ಕಾದಿರಿಸಲು ಹೋದರು. ಡಲ್ಸಿ ಪಾರ್ಜಿಟರರ ಹಿತ್ತಲಿನ ಕಡೆ ಹೊರಟಳು.